ಕಾಕಾನ ಕಾಲು ಮತ್ತೆ ನೆಲ ಮುಟ್ಟಿದ ಕತೆ

ಗಾಯ ಸಣ್ಣದು, ನೋವು ಮಾತ್ರ ತಡೆಯಲಾರದಷ್ಟು. ಹೀಗಾದರೆ ಕಾಯುತ್ತ ಕೂರಬಾರದು. ಬಿ.ಇ. ಓದುತ್ತಿರುವ ನನಗೆ ಈ ಪಾಠ ಸಿಕ್ಕಿದ್ದು ಕ್ಲಾಸಿನಲ್ಲಲ್ಲ, ಸರ್ಜರಿ ವಾರ್ಡಿನಲ್ಲಿ. ಕಳೆದ ಜನವರಿಯಲ್ಲಿ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ರಜೆಗೆಂದು ಹೊರಟವನು ಊರಿಗೆ ಹೋಗಲಿಲ್ಲ, ಬಸ್ ಸ್ಟ್ಯಾಂಡಿನಿಂದ ನೇರ ಆಸ್ಪತ್ರೆಗೆ ಹೋದೆ. ಅಲ್ಲಿ ಕಾಕಾ ಮಲಗಿದ್ದ. ಸೋಂಕಿನಿಂದ ಅರ್ಧ ಕೊಳೆತ ಕಾಲನ್ನು ವೈದ್ಯರು ಹಂತಹಂತವಾಗಿ ಮತ್ತೆ ಹೇಗೆ ಕಟ್ಟುತ್ತಾರೆ ಎಂಬುದನ್ನು ಆಮೇಲಿನ ದಿನಗಳಲ್ಲಿ ಹತ್ತಿರದಿಂದ ನೋಡಿದೆ. ಅದನ್ನು ನಿಮಗೂ ಹೇಳಬೇಕೆನಿಸಿತು. ಏಕೆಂದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯ ಒಬ್ಬರಾದರೂ ಇಲ್ಲದ ಗೆಳೆಯರು ನನಗೆ ಹೆಚ್ಚು ಸಿಕ್ಕಿಲ್ಲ.

ನಮ್ಮದು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಭತ್ತ, ಮಾವು ನಮ್ಮ ಕಡೆಯ ಬೆಳೆ. ಕಾಕಾನಿಗೆ 48 ವರ್ಷ. ಎರಡು ಎಕರೆ ಗದ್ದೆ, ನಾಲ್ಕು ಹತ್ತು ಮಾವಿನ ಗಿಡ. ಮಾವಿನ ಕಸಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ, ಸುತ್ತಲಿನ ಊರಿನವರು ಕರೆದುಕೊಂಡು ಹೋಗುತ್ತಾರೆ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನೆನಪಾದಾಗ ತೆಗೆದುಕೊಳ್ಳುತ್ತಿದ್ದ. ಸುಗ್ಗಿ ಮುಗಿದ ಗದ್ದೆಯಲ್ಲಿ ಬರಿಗಾಲಿನಲ್ಲಿ ಓಡಾಡುವಾಗ ಭತ್ತದ ಕೂಳೆ ಎಡಗಾಲಿನ ಹಿಮ್ಮಡಿಯ ಮೇಲೆ ಚುಚ್ಚಿತು. ಗಾಯ ಅಕ್ಕಿಕಾಳಿನಷ್ಟು. ಅರಿಶಿಣ ಹಚ್ಚಿದ, ಮರುದಿನ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡ. ಅಲ್ಲಿಗೆ ಮನೆಯವರಿಗೆಲ್ಲ ಸಮಾಧಾನ.

ಟಿಟಿ ಎಂದರೆ ಎಲ್ಲ ನಂಜಿಗೂ ಮದ್ದು ಎಂದು ನಮ್ಮ ಹಳ್ಳಿಗಳಲ್ಲಿ ನಂಬಿಕೆ. ಅದು ತಡೆಯುವುದು ಧನುರ್ವಾಯುವನ್ನು ಮಾತ್ರ. ಬೇರೆ ಬ್ಯಾಕ್ಟೀರಿಯಾಗಳಿಗೂ ಅದಕ್ಕೂ ಸಂಬಂಧವಿಲ್ಲ. ಎರಡನೇ ದಿನ ರಾತ್ರಿ ಕಾಲು ಸಿಡಿಯತೊಡಗಿತು. ಹೊರಗೆ ನೋಡಿದರೆ ಸ್ವಲ್ಪ ಬಾವು, ಸ್ವಲ್ಪ ಕೆಂಪು, ಅಷ್ಟೇ. 'ಇಷ್ಟಕ್ಕ ಹಿಂಗ್ಯಾಕ ಒದರಾಕತ್ತೀರಿ' ಎಂದು ಚಿಗವ್ವ ಬೈದಳಂತೆ. ನೋವಿನ ಮಾತ್ರೆ ನುಂಗಿದ, ಜ್ವರ ಇಳಿಯಿತು. ನಾಲ್ಕನೇ ದಿನ ಬೆಳಿಗ್ಗೆ ಕಾಲಿನ ಮೇಲೆ ನೀರುಗುಳ್ಳೆ ಎದ್ದಿದ್ದವು, ನಡುವೆ ನೇರಳೆ ಬಣ್ಣದ ಕಲೆಗಳು. ಆಶ್ಚರ್ಯವೆಂದರೆ ಆ ಕಲೆ ಇದ್ದಲ್ಲಿ ನೋವೇ ಇರಲಿಲ್ಲ. ಮಾತು ತೊದಲುತ್ತಿತ್ತು. 108ಕ್ಕೆ ಫೋನ್ ಹೋದದ್ದು ಆಗ.

ಚರ್ಮದ ಕೆಳಗೆ ನಡೆದದ್ದು

ಆ ರೋಗದ ಹೆಸರು ನೆಕ್ರೊಟೈಸಿಂಗ್ ಫೇಸಿಯೈಟಿಸ್. ಪತ್ರಿಕೆಗಳಲ್ಲಿ 'ಮಾಂಸ ತಿನ್ನುವ ಬ್ಯಾಕ್ಟೀರಿಯಾ' ಎಂದು ಬರುವುದು ಇದೇ. ನಿಜವಾಗಿ ಬ್ಯಾಕ್ಟೀರಿಯಾ ಮಾಂಸ ತಿನ್ನುವುದಿಲ್ಲ. ನಮ್ಮ ಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಸ್ನಾಯುಗಳನ್ನು ಸುತ್ತಿರುವ ಬಿಳಿ ಪೊರೆ ಇರುತ್ತದೆ. ಇದೇ ಫೇಸಿಯಾ. ಈ ಪೊರೆಗೆ ರಕ್ತ ಪೂರೈಕೆ ಕಡಿಮೆ. ಸೋಂಕು ಅದರ ಗುಂಟ ಹರಿಯುತ್ತ ಹೋಗಿ ವಿಷ ಬಿಡುತ್ತದೆ, ಅಲ್ಲಿಯ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೇಲಿನ ಚರ್ಮಕ್ಕೆ ರಕ್ತ ಬರುವುದು ಆ ನಾಳಗಳ ಮೂಲಕವೇ. ಹಾಗಾಗಿ ಚರ್ಮ ಸಾಯುವುದು ಕಟ್ಟಕಡೆಗೆ. ಹೊರಗೆ ಅಂಗೈಯಗಲ ಕಪ್ಪಾಗಿದೆ ಎಂದರೆ ಒಳಗೆ ಅದರ ಎಷ್ಟೋ ಪಟ್ಟು ಹಾಳಾಗಿರುತ್ತದೆ. ಮೊದಲು ವಿಪರೀತ ನೋವು ಬಂದು ಆಮೇಲೆ ಅದೇ ಜಾಗ ಮರಗಟ್ಟಿದರೆ ಅದು ಗುಣವಾದ ಲಕ್ಷಣವಲ್ಲ, ನರಗಳೂ ಸತ್ತಿವೆ ಎಂಬ ಸೂಚನೆ.

1924ರಲ್ಲಿ ಬೀಜಿಂಗಿನಲ್ಲಿ ಕೆಲಸ ಮಾಡುತ್ತಿದ್ದ ಫ್ರಾಂಕ್ ಮೆಲೆನಿ ಎಂಬ ಅಮೆರಿಕದ ಸರ್ಜನ್ ಈ ರೋಗವನ್ನು ವಿವರವಾಗಿ ಬರೆದರು. ಈಗಿನ ಹೆಸರು ಬಂದದ್ದು 1952ರಲ್ಲಿ, ವಿಲ್ಸನ್ ಎಂಬ ವೈದ್ಯರಿಂದ. ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಜಾತಿಯದೇ ಬ್ಯಾಕ್ಟೀರಿಯಾ ಕೆಲವೊಮ್ಮೆ ಇದಕ್ಕೂ ಕಾರಣ. ಸಕ್ಕರೆ ಕಾಯಿಲೆ ಇರುವವರಲ್ಲಿ ಸಾಮಾನ್ಯವಾಗಿ ಹಲವು ಜಾತಿಯವು ಒಟ್ಟಿಗೆ ಸೇರಿಕೊಂಡಿರುತ್ತವೆ. ರೋಗ ಅಪರೂಪದ್ದು, ಆದರೆ ಬಂದವರಲ್ಲಿ ನೂರಕ್ಕೆ 20ರಿಂದ 30 ಮಂದಿ ಉಳಿಯುವುದಿಲ್ಲ.

ಕಾಕಾನ ರಕ್ತದ ಸಕ್ಕರೆ ಅವತ್ತು 412 ಇತ್ತು. ಸರ್ಜನ್ ಕಾಲಿನ ಮೇಲೆ ಎರಡು ಸೆಂಟಿಮೀಟರಿನ ಸಣ್ಣ ಗೀರು ಹಾಕಿ ಬೆರಳು ತೂರಿಸಿದರಂತೆ. ಆರೋಗ್ಯವಂತ ಕಾಲಿನಲ್ಲಿ ಪದರಗಳು ಗಟ್ಟಿಯಾಗಿ ಅಂಟಿರುತ್ತವೆ, ಬೆರಳು ಹೋಗುವುದಿಲ್ಲ. ಇಲ್ಲಿ ಒದ್ದೆ ಕಾಗದ ಬಿಚ್ಚಿದಂತೆ ಬಿಚ್ಚಿಕೊಂಡಿತು. ಪಾತ್ರೆ ತೊಳೆದ ನೀರಿನಂಥ ದ್ರವ ಬಂತು. ಬೇರೆ ಪರೀಕ್ಷೆಗೆ ಕಾಯದೆ ಆಪರೇಷನ್ ಥಿಯೇಟರಿಗೆ ಕರೆದೊಯ್ಯಲು ಅಷ್ಟೇ ಸಾಕಾಯಿತು.

ಮೊದಲು ಕತ್ತರಿ

ಒಪ್ಪಿಗೆ ಪತ್ರ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ಎರಡು ಸಾಲು ಇದ್ದವು: ಅಗತ್ಯ ಬಿದ್ದರೆ ಕಾಲು ತೆಗೆಯಬೇಕಾಗಬಹುದು, ಜೀವಕ್ಕೆ ಅಪಾಯವಿದೆ. ಕಾಕಾ ಅರೆ ಎಚ್ಚರದಲ್ಲಿದ್ದ. 'ಕಾಲ್ ತಗದ್ರ ಗಿಡ ಹತ್ತೋದು ಹೆಂಗೋ ತಮ್ಮಾ' ಎಂದ. ಚಿಗವ್ವ ನನ್ನ ಕೈಯಿಂದ ಹಾಳೆ ಕಸಿದುಕೊಂಡು, 'ಮೊದ್ಲ ಜೀವ ಉಳೀಲಿ, ಕಾಲಿಂದು ಆಮ್ಯಾಲೆ ನೋಡೂಣು' ಎಂದು ಹೆಬ್ಬೆಟ್ಟು ಒತ್ತಿದಳು. ವೈದ್ಯಶಾಸ್ತ್ರ ಹೇಳುವುದೂ ಇದನ್ನೇ ಎಂದು ನನಗೆ ಆಮೇಲೆ ಗೊತ್ತಾಯಿತು. ಈ ರೋಗದಲ್ಲಿ ಆ್ಯಂಟಿಬಯೋಟಿಕ್ ಒಂದರಿಂದಲೇ ಕೆಲಸವಾಗುವುದಿಲ್ಲ. ಔಷಧಿ ರಕ್ತದ ಮೂಲಕ ಹೋಗಬೇಕು, ಸತ್ತ ಭಾಗಕ್ಕೆ ರಕ್ತವೇ ಹೋಗುವುದಿಲ್ಲ. ಆದ್ದರಿಂದ ಸತ್ತದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು. ಇದನ್ನು ಡಿಬ್ರೈಡ್‌ಮೆಂಟ್ ಎನ್ನುತ್ತಾರೆ. ರಕ್ತ ಜಿನುಗುವ, ಆರೋಗ್ಯವಾದ ಭಾಗ ಸಿಗುವವರೆಗೂ ಕತ್ತರಿ ನಿಲ್ಲುವುದಿಲ್ಲ.

ಒಮ್ಮೆಗೇ ಮುಗಿಯುವುದೂ ಇಲ್ಲ. ಒಂದೆರಡು ದಿನ ಬಿಟ್ಟು ಮತ್ತೆ ಥಿಯೇಟರಿಗೆ ಒಯ್ದು, ಹೊಸದಾಗಿ ಏನಾದರೂ ಸತ್ತಿದೆಯೇ ಎಂದು ನೋಡಬೇಕು. ಕಾಕಾನಿಗೆ ಹೀಗೆ ಮೂರು ಸಲ ಆಯಿತು. ಐದು ದಿನ ಐಸಿಯು. ನಾಲ್ಕು ಬಾಟಲಿ ರಕ್ತ ಬೇಕಾಯಿತು. ನಮ್ಮ ಹಾಸ್ಟೆಲ್ ಗ್ರೂಪಿಗೆ ಮೆಸೇಜ್ ಹಾಕಿದ ಎರಡು ತಾಸಿನಲ್ಲಿ ಆರು ಜನ ಬಂದು ನಿಂತಿದ್ದರು. ಅದರಲ್ಲಿ ಇಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.

ಮೂರನೇ ಆಪರೇಷನ್ ಆದ ಮೇಲೆ ಮೊದಲ ಸಲ ಕಾಲು ನೋಡಿದೆ. ಹಿಮ್ಮಡಿಯಿಂದ ಮೊಣಕಾಲಿನ ಕೆಳಗಿನವರೆಗೆ ಮುಂಭಾಗದಲ್ಲಿ ಚರ್ಮವೇ ಇರಲಿಲ್ಲ. ಕೆಂಪು ಸ್ನಾಯು ಕಾಣುತ್ತಿತ್ತು. ನಡುವೆ, ಮುಂಗಾಲಿನ ಉದ್ದ ಎಲುಬು ನಾಲ್ಕು ಬೆರಳಿನಷ್ಟು ಬಿಳಿಯಾಗಿ ತೆರೆದುಕೊಂಡಿತ್ತು. ನಮ್ಮ ಕಾಲಿನ ಹಿಂಭಾಗದಲ್ಲಿ ಮೀನಖಂಡದ ದಪ್ಪ ಸ್ನಾಯುಗಳಿವೆ. ಮುಂಭಾಗದಲ್ಲಿ ಆ ಎಲುಬಿನ ಮೇಲೆ ಚರ್ಮ ಬಿಟ್ಟರೆ ಬೇರೆ ಹೊದಿಕೆ ಇಲ್ಲವೆಂದೇ ಹೇಳಬೇಕು. ನಿಮ್ಮ ಕಾಲನ್ನೇ ಮುಟ್ಟಿ ನೋಡಿಕೊಳ್ಳಿ. ಅಲ್ಲಿಯ ಗಾಯಗಳು ಕಷ್ಟ ಕೊಡುವುದಕ್ಕೆ ಇದೇ ಕಾರಣ.

ಎರಡು ದಾರಿ

ಪ್ಲಾಸ್ಟಿಕ್ ಸರ್ಜರಿ ಮೇಡಂ ಬಂದು ನಮ್ಮನ್ನು ಕೂರಿಸಿ ಎರಡು ದಾರಿ ಹೇಳಿದರು. ಒಂದು, ಮೊಣಕಾಲಿನ ಕೆಳಗೆ ಕಾಲು ತೆಗೆಯುವುದು. ಗಾಯ ಬೇಗ ಮಾಯುತ್ತದೆ, ಕೃತಕ ಕಾಲು ಹಾಕಿಕೊಂಡು ಕೆಲವು ತಿಂಗಳಲ್ಲಿ ಓಡಾಡಬಹುದು. ಇನ್ನೊಂದು, ಕಾಲನ್ನು ಮತ್ತೆ ಕಟ್ಟುವುದು. ಅದಕ್ಕೆ ವಾರಗಟ್ಟಲೆ ಆಸ್ಪತ್ರೆ, ಮತ್ತೆ ಆಪರೇಷನ್. ಇಷ್ಟಾದರೂ ಖಾತ್ರಿ ಇಲ್ಲ.

ಮೊದಲನೆಯದನ್ನು ಸೋಲು ಎಂದು ತಿಳಿಯಬೇಡಿ ಎಂದೂ ಹೇಳಿದರು. ಅದು ನಿಜ. ನಮ್ಮ ವಾರ್ಡಿನಲ್ಲೇ ಕಾಲು ತೆಗೆಸಿಕೊಂಡ ಲಾರಿ ಡ್ರೈವರ್ ಒಬ್ಬರು ಕಾಕಾನಿಗಿಂತ ಎಷ್ಟೋ ಮೊದಲು ಊರುಗೋಲು ಹಿಡಿದು ಓಡಾಡತೊಡಗಿದರು. ಕಳೆದ ಶತಮಾನದ ಅರವತ್ತರ ದಶಕದ ಕೊನೆಯಲ್ಲಿ ಶಿಲ್ಪಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಠಿ ಸೇರಿ ಮಾಡಿದ ಜೈಪುರ ಕಾಲು ಹಾಕಿಕೊಂಡು ಬರಿಗಾಲಿನಲ್ಲಿ ಗದ್ದೆಯಲ್ಲಿ ನಡೆಯುವವರಿದ್ದಾರೆ, ಚಕ್ಕಳಮಕ್ಕಳ ಹಾಕಿ ಕೂರುವವರಿದ್ದಾರೆ.

ಕಾಲು ಉಳಿಸಲು ಹೊರಡುವ ಮುನ್ನ ಕೆಲವು ಪ್ರಶ್ನೆಗೆ ಉತ್ತರ ಬೇಕು. ಪಾದಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯೇ? ಅಂಗಾಲಿನಲ್ಲಿ ಸ್ಪರ್ಶ ಇದೆಯೇ? ಸೋಂಕು ನಿಂತಿದೆಯೇ? ಸಕ್ಕರೆ ಹತೋಟಿಗೆ ಬಂದಿದೆಯೇ? ಮೇಡಂ ಪೆನ್ನಿನಂಥ ಡಾಪ್ಲರ್ ಯಂತ್ರವನ್ನು ಪಾದದ ಮೇಲಿಟ್ಟರು. ರಕ್ತ ಹರಿಯುವ ಸದ್ದು 'ಶುಷ್, ಶುಷ್' ಎಂದು ಸ್ಪೀಕರಿನಲ್ಲಿ ಕೇಳಿಸಿತು. ಪಿಯುಸಿಯಲ್ಲಿ ರೈಲಿನ ಸೀಟಿಯ ಲೆಕ್ಕ ಮಾಡಿ ಬಿಟ್ಟಿದ್ದ ಡಾಪ್ಲರ್ ಪರಿಣಾಮ ಕಾಕಾನ ಕಾಲಿನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ರಕ್ತದ ಹರಿವು ಚೆನ್ನಾಗಿದೆ, ಪ್ರಯತ್ನಿಸಬಹುದು ಎಂದರು. ಒಂದು ಷರತ್ತು ಹಾಕಿದರು, ಬೀಡಿ ಮುಟ್ಟಬಾರದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ, ಕಟ್ಟಿದ್ದೆಲ್ಲ ಸಾಯಬಹುದು. 25 ವರ್ಷದ ಬೀಡಿಯನ್ನು ಕಾಕಾ ಅವತ್ತೇ ಬಿಟ್ಟ.

ಸ್ಪಂಜು, ಪೈಪು ಮತ್ತು 125

ಗಾಯವನ್ನು ತಕ್ಷಣ ಮುಚ್ಚುವುದಿಲ್ಲ. ಹಸಿ ಗೋಡೆಗೆ ಬಣ್ಣ ಹಚ್ಚಿದರೆ ನಿಲ್ಲುವುದಿಲ್ಲವಲ್ಲ, ಹಾಗೆ. ಮೊದಲು ಗಾಯದ ತಳ ಸಿದ್ಧವಾಗಬೇಕು. ಅದಕ್ಕೆ ಬಳಸಿದ ವಿಧಾನ ಮೆಕ್ಯಾನಿಕಲ್ ಓದುವ ನನಗೆ ಬಹಳ ಇಷ್ಟವಾಯಿತು. ಗಾಯದ ಆಕಾರಕ್ಕೆ ಸರಿಯಾಗಿ ಸ್ಪಂಜು ಕತ್ತರಿಸಿ ಇಟ್ಟು, ಮೇಲೆ ಗಾಳಿಯಾಡದ ಪಾರದರ್ಶಕ ಹಾಳೆ ಅಂಟಿಸಿ, ಅದಕ್ಕೊಂದು ಪೈಪು ಜೋಡಿಸಿ ಪಂಪಿನಿಂದ ಗಾಳಿ ಎಳೆಯುತ್ತಾರೆ. ಹೊರಗಿನ ವಾತಾವರಣದ ಒತ್ತಡಕ್ಕಿಂತ 125 ಮಿಲಿಮೀಟರ್ ಪಾದರಸದಷ್ಟು ಕಡಿಮೆ ಒತ್ತಡ. ವಾತಾವರಣದ ಒತ್ತಡ 760, ಅಂದರೆ ಅದರ ಆರರಲ್ಲಿ ಒಂದು ಭಾಗದಷ್ಟನ್ನು ಎಳೆದಂತೆ. ಕೀವು ಮತ್ತು ನೀರು ಹೊರಗೆ ಬರುತ್ತವೆ, ಬಾವು ಇಳಿಯುತ್ತದೆ, ಗಾಯದ ಅಂಚುಗಳು ಹತ್ತಿರವಾಗುತ್ತವೆ, ತಳದಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ. ಅಮೆರಿಕದ ಉತ್ತರ ಕೆರೊಲಿನಾದ ಲೂಯಿಸ್ ಅರ್ಜೆಂಟಾ ಮತ್ತು ಮೈಕೆಲ್ ಮೊರಿಕ್ವಾಸ್ 1997ರಲ್ಲಿ ಈ ಪದ್ಧತಿಯ ಬಗ್ಗೆ ಬರೆದರು. ವಾರ್ಡಿನಲ್ಲಿ ಎಲ್ಲರೂ ಅದನ್ನು 'ವ್ಯಾಕ್' ಎನ್ನುತ್ತಾರೆ.

ಎರಡು ಮೂರು ದಿನಕ್ಕೊಮ್ಮೆ ಸ್ಪಂಜು ಬದಲಿಸುವುದು. ಹಾಳೆಯ ಅಂಚಿನಲ್ಲಿ ಸೋರಿಕೆಯಾದರೆ ಪಂಪು ಕೂಗಿಕೊಳ್ಳುತ್ತಿತ್ತು. ಸೋರುವ ಜಾಗ ಹುಡುಕಿ ಸಿಸ್ಟರ್‌ಗೆ ತೋರಿಸುವುದು ನನ್ನ ರಾತ್ರಿಯ ಕೆಲಸ. ಎರಡು ವಾರ ಕಳೆಯುವಷ್ಟರಲ್ಲಿ ಗಾಯದ ತಳದಲ್ಲಿ ಕೆಂಪನೆಯ, ಹರಳು ಹರಳಾದ ಹೊಸ ಮಾಂಸ ತುಂಬಿತ್ತು. ಈ ದಿನಗಳಲ್ಲಿ ಊಟವೂ ಚಿಕಿತ್ಸೆಯೇ. ಅಷ್ಟು ದೊಡ್ಡ ಗಾಯದಿಂದ ದಿನವೂ ಪ್ರೋಟೀನ್ ಸೋರಿ ಹೋಗುತ್ತದೆ. ಮೊಟ್ಟೆ, ಬೇಳೆ, ಹಾಲು, ಮೊಳಕೆ ಕಾಳು ಕೊಡಿ ಎಂದು ಡಾಕ್ಟರು ಹೇಳಿದರೆ, ನೋಡಲು ಬಂದ ನೆಂಟರು ನಂಜಾಗುತ್ತದೆ ಎಂದು ಬರೀ ಗಂಜಿ ಕೊಡಲು ಹೇಳುತ್ತಿದ್ದರು. ಚಿಗವ್ವ ಎಲ್ಲರಿಗೂ ಹ್ಞೂಂ ಎಂದು, ಮೊಟ್ಟೆ ಸುಲಿದು ಕೊಡುತ್ತಿದ್ದಳು.

ಪ್ಲಾಸ್ಟಿಕ್ ಇಲ್ಲದ ಪ್ಲಾಸ್ಟಿಕ್ ಸರ್ಜರಿ

'ಕಾಲಿಗೆ ಪ್ಲಾಸ್ಟಿಕ್ ಹಾಕ್ತಾರೇನೋ' ಎಂದು ಚಿಗವ್ವ ಮೆಲ್ಲಗೆ ಕೇಳಿದ್ದಳು. ಇಲ್ಲ. ಇಲ್ಲಿಯ 'ಪ್ಲಾಸ್ಟಿಕ್' ಗ್ರೀಕ್ ಮೂಲದ ಪದ, ರೂಪ ಕೊಡುವುದು ಎಂದು ಅರ್ಥ. ಬಳಸುವುದೆಲ್ಲ ರೋಗಿಯದೇ ಮೈ.

ಇದರಲ್ಲಿ ಎರಡು ಬಗೆ. ಮೊದಲನೆಯದು ಚರ್ಮದ ಕಸಿ. ತೊಡೆಯಿಂದ ಸುಮಾರು 0.3 ಮಿಲಿಮೀಟರ್ ದಪ್ಪದ ಪದರ ತೆಗೆದು ಗಾಯದ ಮೇಲೆ ಹಾಸುತ್ತಾರೆ. ಮೂರು ಎ4 ಹಾಳೆ ಒಟ್ಟಿಗೆ ಹಿಡಿದರೆ ಎಷ್ಟೋ ಅಷ್ಟು ದಪ್ಪ. ತೊಡೆಯಲ್ಲಿ ಚರ್ಮದ ಕೆಳಪದರ ಉಳಿದಿರುವುದರಿಂದ ಅದು ಎರಡು ಮೂರು ವಾರದಲ್ಲಿ ತಾನೇ ಮಾಯುತ್ತದೆ. ಕಸಿಯ ಚರ್ಮಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ. ಮೊದಲ ಎರಡು ದಿನ ಕೆಳಗಿನ ಗಾಯದಲ್ಲಿ ಜಿನುಗುವ ದ್ರವವನ್ನು ಹೀರಿ ಬದುಕುತ್ತದೆ. ಆಮೇಲೆ ಕೆಳಗಿನ ನಾಳಗಳು ಅದರೊಳಗೆ ಬೆಳೆದು ಕೂಡಿಕೊಳ್ಳುತ್ತವೆ. ಹಾಗಾಗಿ ಕೆಳಗೆ ಜೀವಂತ, ರಕ್ತವಿರುವ ತಳ ಬೇಕು. ಪೊರೆ ಕಳೆದುಕೊಂಡ ಬರಿ ಎಲುಬಿನ ಮೇಲೆ ಹಾಸಿದರೆ ಅದು ಒಣಗಿ ಉದುರುತ್ತದೆ.

ಎಲುಬು ತೆರೆದಿದ್ದರೆ ಬೇಕಾಗುವುದು ಎರಡನೆಯ ಬಗೆ, ಫ್ಲ್ಯಾಪ್. ಇಲ್ಲಿ ಒಂದಿಷ್ಟು ಮಾಂಸವನ್ನೋ ಚರ್ಮವನ್ನೋ ಅದರ ರಕ್ತನಾಳದ ಸಮೇತ ಸರಿಸಿ ತರುತ್ತಾರೆ. ಮೇಡಂ ಇದನ್ನು ವಿವರಿಸುವಾಗ ಕಾಕಾ ಮೊದಲ ಸಲ ಎದ್ದು ಕೂತ. ಮಾವಿನಲ್ಲಿ ಕಸಿ ಕಟ್ಟುವಾಗ ಕಡ್ಡಿಯನ್ನು ಪೂರ್ತಿ ಕೊಯ್ದು ತಂದು ಕಟ್ಟುವುದುಂಟು. ತಾಯಿಮರದಿಂದ ಬೇರ್ಪಡಿಸದೆ, ಕುಂಡದ ಸಸಿಯನ್ನೇ ಮರದ ಹತ್ತಿರ ತಂದು ಟೊಂಗೆಗೆ ಸೇರಿಸಿ ಕಟ್ಟುವುದೂ ಉಂಟು. ಅಲ್ಲಿ ಕೂಡಿಕೊಳ್ಳುವವರೆಗೂ ಟೊಂಗೆ ತಾಯಿಮರದ ರಸದಲ್ಲೇ ಬದುಕಿರುತ್ತದೆ. 'ಅಂದ್ರ ಇದು ತಾಯಿ ಬಿಡಿಸಲಾರದ ಕಸಿ ಅನ್ರೀ ಸಾಹೇಬ್ರ' ಎಂದ. ಮೇಡಂ ನಕ್ಕು, ಇಷ್ಟು ಚೆನ್ನಾಗಿ ನಮ್ಮ ವಿದ್ಯಾರ್ಥಿಗಳಿಗೂ ಹೇಳಲು ಬರುವುದಿಲ್ಲ ಎಂದರು.

ಕಾಲಿನ ಯಾವ ಭಾಗದ ಎಲುಬು ತೆರೆದಿದೆ ಎಂಬುದರ ಮೇಲೆ ಫ್ಲ್ಯಾಪ್ ನಿರ್ಧಾರವಾಗುತ್ತದೆ. ಮೊಣಕಾಲಿನ ಹತ್ತಿರವಾದರೆ ಮೀನಖಂಡದ ಮೇಲಿನ ಸ್ನಾಯು ಗ್ಯಾಸ್ಟ್ರೊಕ್ನೀಮಿಯಸ್, ನಡುಭಾಗವಾದರೆ ಅದರ ಒಳಗಿನ ಸೋಲಿಯಸ್. ಪಾದದ ಹತ್ತಿರದ ಭಾಗ ಕಷ್ಟದ್ದು. ಅಲ್ಲಿಗೆ ಎಷ್ಟೋ ಸಲ ತೊಡೆ, ಬೆನ್ನಿನಂಥ ದೂರದ ಜಾಗದಿಂದ ಮಾಂಸ ತಂದು, ಸೂಕ್ಷ್ಮದರ್ಶಕದ ಕೆಳಗೆ ಒಂದೆರಡು ಮಿಲಿಮೀಟರಿನ ರಕ್ತನಾಳಗಳನ್ನು ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕಾಗುತ್ತದೆ. ಕಾಕಾನದು ನಡುಭಾಗ. 22ನೇ ದಿನ ನಾಲ್ಕು ತಾಸಿನ ಆಪರೇಷನ್ ನಡೆಯಿತು. ಸೋಲಿಯಸ್ ಸ್ನಾಯುವಿನ ಕೆಳತುದಿ ಬಿಡಿಸಿ, ಮೇಲಿನ ರಕ್ತನಾಳ ಹಾಗೇ ಉಳಿಸಿ, ಮುಂದಕ್ಕೆ ತಿರುಗಿಸಿ ಎಲುಬಿನ ಮೇಲೆ ಹೊದಿಸಿದರು. ಅದರ ಮೇಲೆ ಮತ್ತು ಉಳಿದ ಗಾಯದ ಮೇಲೆ ಚರ್ಮದ ಕಸಿ ಹಾಸಿದರು. ನಡೆಯಲು ಬೇಕಾದ ಬಲವನ್ನು ಉಳಿದ ಮೀನಖಂಡ ಕೊಡುತ್ತದೆ.

ರಕ್ತದ ದಾರಿ ಕಡಿಯದೆ ಸರಿಸುವ ಈ ಉಪಾಯ ನಮ್ಮ ದೇಶಕ್ಕೆ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿವರವಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಮುಂದೆ ಪುಣೆಯ ಕಡೆಯ ಒಬ್ಬ ದೇಶೀ ಕುಶಲಕರ್ಮಿ ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಗೆ ತಿರುಗಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಈ ಸುದ್ದಿ ಚಿತ್ರದ ಸಮೇತ 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಅಚ್ಚಾಯಿತು. ಅದರಿಂದ ಪ್ರೇರಣೆ ಪಡೆದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿಯ ಆಪರೇಷನ್ ಮಾಡಿದರು. ಮೂಗಿಗೆ ಹಣೆಯಿಂದ, ಕಾಲಿಗೆ ಮೀನಖಂಡದಿಂದ. ತತ್ವ ಒಂದೇ.

ಎಂಜಿನಿಯರುಗಳ ಪಾಲು

ಚರ್ಮವನ್ನು ಒಂದೇ ದಪ್ಪದಲ್ಲಿ ತೆಗೆಯುವುದು ಕೈಚಾಕುವಿನಿಂದ ಕಷ್ಟದ ಕೆಲಸ. 1939ರಲ್ಲಿ ಅಮೆರಿಕದ ಕಾನ್ಸಾಸಿನ ಸರ್ಜನ್ ಅರ್ಲ್ ಪ್ಯಾಜೆಟ್ ಅದಕ್ಕೊಂದು ಡ್ರಮ್ಮಿನ ಆಕಾರದ ಸಾಧನವನ್ನು ಲೋಕದ ಮುಂದಿಟ್ಟರು. ಅವರ ಜೊತೆ ಅದನ್ನು ರೂಪಿಸಿದವರು ಎಂಜಿನಿಯರಿಂಗ್ ಪ್ರಾಧ್ಯಾಪಕ ಜಾರ್ಜ್ ಹುಡ್. ಸಾಧನದ ಹೆಸರು ಡರ್ಮಟೋಮ್. ಈಗ ಅದು ವಿದ್ಯುತ್ತಿನಿಂದ ಓಡುತ್ತದೆ. 1964ರಲ್ಲಿ ಟ್ಯಾನರ್ ಮತ್ತು ಸಂಗಡಿಗರು ಚರ್ಮಕ್ಕೆ ಸಾಲುಸಾಲಾಗಿ ಸೀಳು ಹಾಕಿ ಬಲೆಯಂತೆ ಹಿಗ್ಗಿಸುವ ಯಂತ್ರ ತಂದರು. ಇದರಿಂದ ಎರಡು ಲಾಭ: ಸ್ವಲ್ಪ ಚರ್ಮದಿಂದ ದೊಡ್ಡ ಗಾಯ ಮುಚ್ಚಬಹುದು, ಕೆಳಗೆ ಕೂಡಿದ ನೀರು ಸೀಳುಗಳಿಂದ ಹೊರಬರುತ್ತದೆ. ಕಾಕಾನ ಕಾಲಿನ ಮೇಲೆ ಇವತ್ತಿಗೂ ಆ ಬಲೆಯ ಗುರುತು ಇದೆ. ಶೀಟ್ ಮೆಟಲ್ ಲ್ಯಾಬಿನಲ್ಲಿ ನಾವು ನೋಡುವ ಎಕ್ಸ್‌ಪ್ಯಾಂಡೆಡ್ ಮೆಟಲ್ ಜಾಲರಿ ಇದ್ದ ಹಾಗೆಯೇ ಇದೆ. ನಾಲ್ಕು ವರ್ಷ ಓದಿ ಯಾವ ಕಂಪನಿ ಸೇರಬೇಕು ಎಂದಷ್ಟೇ ಯೋಚಿಸುತ್ತಿದ್ದ ನನಗೆ, ಆಸ್ಪತ್ರೆಯ ಉಪಕರಣಗಳ ವಿನ್ಯಾಸವೂ ಒಂದು ದಾರಿ ಎಂದು ಹೊಳೆದದ್ದು ಈ ವಾರ್ಡಿನಲ್ಲಿ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದುವವರು ಇತ್ತ ಒಮ್ಮೆ ಕಣ್ಣು ಹಾಯಿಸಿ.

ಐದನೇ ದಿನದ ಡ್ರೆಸಿಂಗ್

ಕಸಿ ಹಿಡಿದಿದೆಯೇ ಇಲ್ಲವೇ ಎಂದು ತಿಳಿಯುವುದು ಐದನೇ ದಿನ, ಡ್ರೆಸಿಂಗ್ ಬಿಚ್ಚಿದಾಗ. ಅಲ್ಲಿಯವರೆಗೆ ಕಾಲು ಅಲುಗಬಾರದು. ಕಸಿಗೆ ಮೂರು ಶತ್ರು: ಕೆಳಗೆ ನೀರು ಕೂಡುವುದು, ಜರುಗುವುದು, ಸೋಂಕು. ಕಾಲಿಗೆ ಹಿಂದಿನಿಂದ ಪಟ್ಟಿ ಕೊಟ್ಟು, ದಿಂಬಿನ ಮೇಲೆ ಎತ್ತರಿಸಿಟ್ಟಿದ್ದರು. ಆ ಐದು ದಿನ ಕಾಕಾ ಸೀನಲಿಕ್ಕೂ ಹೆದರುತ್ತಿದ್ದ. ವಿಚಿತ್ರವೆಂದರೆ ಅವನಿಗೆ ಕಾಲಿಗಿಂತ ತೊಡೆ ಹೆಚ್ಚು ಉರಿಯುತ್ತಿತ್ತು. ಚರ್ಮ ತೆಗೆದ ಜಾಗದಲ್ಲಿ ನರತುದಿಗಳು ತೆರೆದಿರುವುದರಿಂದ ಹಾಗಾಗುತ್ತದೆ.

ಬಿಚ್ಚಿದಾಗ ಎಲುಬಿನ ಮೇಲಿನ ಸ್ನಾಯು ಕೆಂಪಗಿತ್ತು, ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಹಿಮ್ಮಡಿಯ ಬಳಿ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಹಿಡಿದಿರಲಿಲ್ಲ. ಅದು ಡ್ರೆಸಿಂಗ್‌ನಲ್ಲೇ ಮಾಯುತ್ತದೆ ಎಂದರು. ಚಿಗವ್ವ ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತು ಅತ್ತಳು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಮುಂದಿನದು ಫಿಸಿಯೊಥೆರಪಿ. ವಾರಗಟ್ಟಲೆ ಮಲಗಿದ ಕಾಲಿನ ಪಾದ ಕೆಳಗೆ ಬಾಗಿ ಬಿಗಿದುಕೊಳ್ಳುತ್ತದೆ, ಅದನ್ನು ದಿನಾ ಮೇಲೆ ಎಳೆದು ಸಡಿಲಿಸಬೇಕು. ಹೊಸ ರಕ್ತನಾಳಗಳಿಗೆ ಒತ್ತಡ ತಡೆಯುವ ಅಭ್ಯಾಸವಾಗಬೇಕು. ಹಾಗಾಗಿ ಮೊದಲು ಐದು ನಿಮಿಷ ಮಂಚದಿಂದ ಕಾಲು ಇಳಿಬಿಡುವುದು, ಮತ್ತೆ ಎತ್ತಿಡುವುದು, ದಿನದಿನಕ್ಕೆ ಹೊತ್ತು ಹೆಚ್ಚಿಸುವುದು. 36ನೇ ದಿನ ವಾಕರ್ ಹಿಡಿದು ಎಡಗಾಲನ್ನು ನೆಲಕ್ಕೆ ಊರಿದ. ನಾಲ್ಕು ಹೆಜ್ಜೆ ಇಟ್ಟ. 47ನೇ ದಿನ ಮನೆಗೆ ಬಂದ.

ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆಪರೇಷನ್ ಖರ್ಚು ಹೋಯಿತು. ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ 47 ದಿನದ ಊಟ, ಬಸ್ಸು, ಕಳೆದುಕೊಂಡ ಕೂಲಿ ಇವಕ್ಕೆ ಯಾವ ಕಾರ್ಡೂ ಇಲ್ಲ. ಒಂದು ಎಮ್ಮೆ ಮಾರಬೇಕಾಯಿತು.

ಈಗ ಹೇಗಿದ್ದಾನೆ?

ಕಾಕಾ ನಡೆಯುತ್ತಾನೆ, ಸ್ವಲ್ಪ ಕುಂಟುತ್ತಾನೆ. ಗಿಡ ಹತ್ತುವುದಿಲ್ಲ. ನೆಲದ ಮೇಲೆ ಸ್ಟೂಲು ಹಾಕಿಕೊಂಡು ಕುಂಡದ ಸಸಿಗಳಿಗೆ ಕಸಿ ಕಟ್ಟುತ್ತಾನೆ. ಈ ಮಳೆಗಾಲದಲ್ಲಿ ಇನ್ನೂರು ಸಸಿ ಕಟ್ಟಿದ. ಕಸಿಯ ಚರ್ಮದಲ್ಲಿ ಬೆವರಿನ ಮತ್ತು ಎಣ್ಣೆಯ ಗ್ರಂಥಿಗಳಿಲ್ಲ, ಬಿಟ್ಟರೆ ಒಣಗಿ ಬಿರಿಯುತ್ತದೆ. ಅದಕ್ಕೆ ದಿನಾ ಎರಡು ಸಲ ಕೊಬ್ಬರಿ ಎಣ್ಣೆ ಹಚ್ಚುತ್ತಾನೆ. ಅಲ್ಲಿ ಸ್ಪರ್ಶವೂ ಕಡಿಮೆ, ಗಾಯವಾದರೆ ತಿಳಿಯುವುದಿಲ್ಲ. ಹಾಗಾಗಿ ರಾತ್ರಿ ಮಲಗುವ ಮುನ್ನ ಚಿಗವ್ವ ಟಾರ್ಚ್ ಹಾಕಿ ಎರಡೂ ಪಾದ, ಬೆರಳಸಂದಿ ನೋಡುತ್ತಾಳೆ. ಸಕ್ಕರೆ ಕಾಯಿಲೆಯವರಿಗೆಂದೇ ಮಾಡುವ ಮೆದು ಎಂಸಿಆರ್ ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯುವುದಿಲ್ಲ.

ಸರ್ಜನ್‌ಗಳ ಕೈಚಳಕ ಎಷ್ಟೇ ದೊಡ್ಡದಿರಲಿ, ಅವರು ಕಟ್ಟಲು ಸಾಧ್ಯವಾಗುವುದು ಉಳಿದದ್ದರಿಂದಲೇ. ಎಷ್ಟು ಉಳಿಯುತ್ತದೆ ಎಂಬುದು ಆಸ್ಪತ್ರೆ ಸೇರಿದ ಹೊತ್ತಿನ ಮೇಲೆ ನಿಂತಿದೆ. ಆ ಹೊತ್ತು ಇರುವುದು ಮನೆಯವರ ಕೈಯಲ್ಲಿ. ಮನೆಯಲ್ಲಿ ಆಸ್ಪತ್ರೆಯ ಭಾಷೆ ಓದಬಲ್ಲವರು ಹೆಚ್ಚಾಗಿ ನಾವೇ, ಕಾಲೇಜಿಗೆ ಹೋಗುವವರು. ಆದ್ದರಿಂದ ಇಷ್ಟನ್ನು ನೆನಪಿಡಿ. ಗಾಯ ನೋಡಲು ಸಣ್ಣದಿದ್ದು ನೋವು ವಿಪರೀತವಿದ್ದರೆ, ಬಾವು ತಾಸಿನಿಂದ ತಾಸಿಗೆ ಹರಡುತ್ತಿದ್ದರೆ, ಜ್ವರದ ಜೊತೆ ಸುಸ್ತು, ಗೊಂದಲದ ಮಾತು ಇದ್ದರೆ, ನೀರುಗುಳ್ಳೆಯೋ ನೇರಳೆ ಕಲೆಯೋ ಕಂಡರೆ, ನೋವಿನ ಮಾತ್ರೆ ಕೊಟ್ಟು ಬೆಳಗಾಗಲಿ ಎನ್ನಬೇಡಿ. ಸರ್ಜನ್ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಎಷ್ಟು ವೇಗದಲ್ಲಿ ಹರಡಿದೆ ಎಂದು ಡಾಕ್ಟರಿಗೆ ಅದು ಹೇಳುತ್ತದೆ.

ಇನ್ನೊಂದು ಮಾತು. 18 ತುಂಬಿದ, 45 ಕಿಲೋ ಮೇಲ್ಪಟ್ಟ ಆರೋಗ್ಯವಂತರು ರಕ್ತ ಕೊಡಬಹುದು. ಹುಡುಗರು ಮೂರು ತಿಂಗಳಿಗೊಮ್ಮೆ, ಹುಡುಗಿಯರು ನಾಲ್ಕು ತಿಂಗಳಿಗೊಮ್ಮೆ. ಅವತ್ತು ಬಂದ ಆರು ಜನರಲ್ಲಿ ಹೆಸರು ಗೊತ್ತಿಲ್ಲದ ಆ ಇಬ್ಬರು ಫಸ್ಟ್ ಇಯರ್ ಹುಡುಗರು. ಈಗ ನಮ್ಮ ಹಾಸ್ಟೆಲ್ಲಿನ ರಕ್ತದಾನಿಗಳ ಪಟ್ಟಿ ನೋಡಿಕೊಳ್ಳುವವರು ಅವರೇ. ಅದರಲ್ಲಿ ಇವತ್ತಿಗೆ 63 ಹೆಸರಿವೆ.